ಅಂಗೈಗೆ ಬಿದ್ದ ಹನಿ

ಹಾನಗಲ್ಲಿನ ನಮ್ಮ ಮನೆಯ ದೇವರ ಕೋಣೆಯ ಹೊಸ್ತಿಲಿಗೆ ಬಲಗಡೆ ನಿಂತಿದ್ದೆ. ಹೋದ ವರ್ಷದ ಒಂದು ದ್ವಾದಶಿ. ಪೂಜೆ ಮುಗಿದಿತ್ತು, ಊಟಕ್ಕೆ ಎಲೆ ಹಾಕಿರಲಿಲ್ಲ. ಅಕ್ಕ ಕೈ ಚಾಚಿದಳು; ಅವಳ ಹಿಂದೆ ನನ್ನ ಹೆಂಡತಿ ನಿಂತಿದ್ದಳು. ತೀರ್ಥ ಹಾಕಲು ಬಾಗಿದಾಗ ನನ್ನ ತುಟಿಯಂಚಿನಿಂದ ಜೊಲ್ಲಿನ ಹನಿಯೊಂದು ಅವಳ ಅಂಗೈಯ ತೀರ್ಥದೊಳಗೇ ಬಿತ್ತು. ಎಂಜಲು ತಾಗಿದ ಲೋಟವನ್ನೂ ಬೇರೆ ಇಡುವ ಅಕ್ಕ ಅದನ್ನು ಕುಡಿದು, ಕೈಯನ್ನು ತಲೆಗೆ ಒರಸಿಕೊಂಡಳು. ಅವಳಿಗೆ ಕಣ್ಣು ಮಂಜು. ಕಂಡಿರಲಾರದು ಎಂದುಕೊಂಡೆ.

ನನಗೆ ಪಾರ್ಕಿನ್ಸನ್ ಕಾಯಿಲೆ. ಉಗುಳು ಹೆಚ್ಚಾಗಿಲ್ಲ, ನುಂಗುವುದು ನಿಧಾನವಾಗಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಜೊಲ್ಲು ಕಡಿಮೆ ಮಾಡಲು ಅದರ ಗ್ರಂಥಿಗಳಿಗೆ ಬೊಟುಲಿನಮ್ ಟಾಕ್ಸಿನ್ ಎಂಬ ಔಷಧ ಚುಚ್ಚಬಹುದಂತೆ. ಕಾಲೇಜಿನಲ್ಲಿ ಗಣಿತ ಕಲಿಸಿದವನು ನಾನು; ಪುರಾವೆ ಏನೆಂದು ಕೇಳಿದೆ. ಬರಿಯ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಈ ಔಷಧ ಚುಚ್ಚಿಸಿಕೊಂಡವರಿಗೆ ಜೊಲ್ಲು ಕಡಿಮೆಯಾಗಿದೆ, ಕೆಲವು ತಿಂಗಳಿಗೆ ಗುಣ ಇಳಿಯುತ್ತದೆ, ಕೆಲವರಿಗೆ ನುಂಗುವುದು ಇನ್ನೂ ಕಷ್ಟವಾಗುತ್ತದೆ, ಪರೀಕ್ಷೆಗೊಳಗಾದವರೂ ಬಹಳ ಮಂದಿಯಲ್ಲ ಎಂದು ಅವರು ಬಿಡಿಸಿ ಹೇಳಿದರು. ಅಳೆದದ್ದು ಹೇಗೆ? ಬಾಯಲ್ಲಿಟ್ಟ ಹತ್ತಿಯನ್ನು ತೂಗಿ. ಜೊತೆಗೆ, ಎಷ್ಟು ಸಲ, ಎಷ್ಟು ಸುರಿಯುತ್ತದೆ ಎಂದು ರೋಗಿಯನ್ನೇ ಕೇಳಿ.

ಆಮೇಲೆ ಅದನ್ನೇ ನನ್ನನ್ನು ಕೇಳಿದರು.

"ಒಮ್ಮೊಮ್ಮೆ. ಸ್ವಲ್ಪ," ಎಂದೆ.

ಹೆಂಡತಿ, ಅಕ್ಕ ಇಬ್ಬರೂ ಜೊತೆಗೆ ಬಂದಿದ್ದರು. ಹೆಂಡತಿ ನೆಲ ನೋಡಿದಳು. ಅಕ್ಕ ಸುಮ್ಮನಿರಲಿಲ್ಲ. "ಸುಳ್ಳ ಹೇಳ್ತಾನ್ರಿ. ದಿನಾ ಅಂಗಿ ಎದಿತನಕ ತೊಯ್ದಿರ್ತದ. ನನ್ನ ಅಂಗೈಯಾಗೂ ಬಿದ್ದದ."

"ನೋಡಿದ್ಯಾ? ನೋಡೀನೂ ಕುಡದ್ಯಾ?" ಎಂದೆ.

"ಮತ್ತೇನು, ತೀರ್ಥ ಚೆಲ್ಲಲಿಕ್ಕ ಬರ್ತದೇನು?"

ಡಾಕ್ಟರು ತಲೆ ತಗ್ಗಿಸಿ ಬರೆದುಕೊಂಡರು. ಮರಳುವಾಗ, ಬಂಕಾಪುರ ದಾಟುವವರೆಗೂ ಕಾರಿನ ಕಿಟಕಿಯಾಚೆಯೇ ನೋಡುತ್ತಿದ್ದೆ. ನನ್ನಂತೆ ನಾಚಿ 'ಸ್ವಲ್ಪ' ಎಂದವರು ಆ ಪರೀಕ್ಷೆಗಳಲ್ಲಿ ಎಷ್ಟು ಮಂದಿ ಇದ್ದರೋ ಎಂದು ಯೋಚಿಸುತ್ತಿದ್ದೆ. ಯೋಚಿಸಿದ್ದು ಪುರಾವೆಯ ಮೇಲಿನ ಅನುಮಾನದಿಂದಲ್ಲ. ಅಕ್ಕನ ಮುಖ ನೋಡಲಾಗದೆ.

ನುಂಗುವುದನ್ನು ಪರೀಕ್ಷಿಸಿ ಚುಚ್ಚಿದರು. ಮುಂದಿನ ಸಲ ಅದೇ ಪ್ರಶ್ನೆಗೆ ಹೆಂಡತಿ ಉತ್ತರ ಕೊಡಲಿ ಎಂದೆ. ಕಡಿಮೆಯಾಗಿದೆ, ನಿಂತಿಲ್ಲ, ಅನ್ನವನ್ನು ಮೆತ್ತಗೆ ಕಲಸಬೇಕಾಗಿದೆ ಎಂದಳು. ಅದು ನಿಜ.

ಮೊದಲಿನಂತೆ ನೀನೇ ತೀರ್ಥ ಕೊಡು ಎಂದು ಅಕ್ಕ ಎರಡು ಸಲ ಹೇಳಿದಳು. ನನ್ನಿಂದ ಆಗಲಿಲ್ಲ.

ಆ ಹನಿ ಬಿದ್ದದ್ದನ್ನು ನನ್ನ ಹೊರತು ನೋಡಿದವರು ಇಬ್ಬರು, ಅಕ್ಕ ಮತ್ತು ನನ್ನ ಹೆಂಡತಿ. ಇಬ್ಬರೂ ಇದೇ ಮನೆಯಲ್ಲಿದ್ದಾರೆ. ಅವರಿಗೆ ಈಗ ತೀರ್ಥ ಕೊಡುವವನು ನನ್ನ ಮಗ.