ಬೆಂಕಿ ತಾಗದ ರೊಟ್ಟಿ

ಕಳೆದ ವಾರ ಎದುರು ಫ್ಲ್ಯಾಟಿನ ಪಂಜಾಬಿ ಹೆಂಗಸು ಬಾಗಿಲು ತಟ್ಟಿ, ತಾನೂ ಬೇಯಿಸದ ಊಟ ಶುರು ಮಾಡಬೇಕು ಅಂದುಕೊಂಡಿದ್ದೇನೆ, ಅದಕ್ಕೆ ಆ ಒಣಗಿಸುವ ಮೆಶಿನ್ ಬೇಕೇ ಬೇಕಾ ಅಂಕಲ್‌ಜಿ ಎಂದು ಹಿಂದಿಯಲ್ಲಿ ಕೇಳಿದಳು. ನನ್ನ ಹೆಂಡತಿ ಕೊನೆಯ ಹತ್ತು ತಿಂಗಳು ಬೇಯಿಸಿದ್ದು ಏನನ್ನೂ ತಿನ್ನಲಿಲ್ಲ ಅನ್ನುವುದು ನಮ್ಮ ಮಹಡಿಗೆಲ್ಲ ಗೊತ್ತು. "ಬೇಡ," ಅಂದೆ. ಹಣ್ಣು, ಸೊಪ್ಪು, ನೆನೆಸಿದ ಕಾಳು, ಮೊಳಕೆ, ಇಷ್ಟಿದ್ದರೆ ಸಾಕು. ಗರಿಗರಿಯಾಗಿ ಏನಾದರೂ ಬೇಕೆನಿಸಿದರೆ ಬಿಸಿಲಿದೆ ಅಂದೆ. ಅವಳು ಖುಷಿಯಾಗಿ ಹೋದಳು. ನಾನು ಬಾಗಿಲು ಹಾಕಿ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಕೂತುಬಿಟ್ಟೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಇದೇ ಉತ್ತರವನ್ನು ನನ್ನ ಹೆಂಡತಿಗೂ ಕೊಟ್ಟಿದ್ದೆ.

ಬೇಡ ಅನ್ನುವುದು ನನಗೆ ಸರ್ಕಾರ ಕಲಿಸಿದ ವಿದ್ಯೆ. ದಿಲ್ಲಿಯ ಒಂದು ಮಂತ್ರಾಲಯದ ಖರೀದಿ ವಿಭಾಗದಲ್ಲಿ ಮೂವತ್ತಮೂರು ವರ್ಷ ಕೂತವನು ನಾನು. ಯಾರಾದರೂ ಹೊಸ ಕೂಲರ್, ಹೊಸ ಅಲಮಾರು, ಹೊಸ ಫೋಟೋಕಾಪಿ ಮೆಶಿನ್ ಬೇಕೆಂದು ಫೈಲು ಕಳಿಸಿದರೆ, 'ಇರುವ ವ್ಯವಸ್ಥೆಯೇ ಸಾಕು' ಎಂದು ಬರೆದು ಸಹಿ ಹಾಕುತ್ತಿದ್ದೆ. ಬರೆದಾಗೆಲ್ಲ ಒಂದು ಸುಖವಿರುತ್ತಿತ್ತು, ಅದನ್ನು ಈಗ ಮುಚ್ಚಿಟ್ಟು ಏನಾಗಬೇಕಿದೆ? ನಿವೃತ್ತನಾಗಿ ಗ್ರೇಟರ್ ನೋಯ್ಡಾದ ಈ ಹದಿನಾಲ್ಕನೇ ಮಹಡಿಗೆ ಬಂದ ಮೇಲೆ ಫೈಲುಗಳು ನಿಂತವು. ಚಟ ನಿಲ್ಲಲಿಲ್ಲ. ಮನೆಯಲ್ಲಿ ಫೈಲು ಕಳಿಸುವವಳು ಒಬ್ಬಳೇ ಉಳಿದಿದ್ದಳು.

ಅವಳ ಹೊಟ್ಟೆಯಲ್ಲಿ ಗಂಟು ಇದೆ ಎಂದು ಗೊತ್ತಾದದ್ದು ಒಂದು ಮಾರ್ಚ್ ತಿಂಗಳಲ್ಲಿ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ಕೊನೆಗೆ, "ಮನಸ್ಸಿಗೆ ಬಂದದ್ದು ತಿನ್ನಲಿ," ಅಂದರು. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಆಯಿತು. ವಾರದೊಳಗೆ ಅವಳು ಫೋನಿನಲ್ಲಿ ಯಾವುದೋ ಗುಂಪು ಸೇರಿಕೊಂಡಿದ್ದಳು. ಬೆಂಕಿ ತಾಗದ ಆಹಾರ ತಿಂದು ಗುಣವಾದೆವು ಅನ್ನುವ ಹೆಂಗಸರ ಗುಂಪು. ಅಂಗೈ ತಡೆಯುವಷ್ಟು ಬೆಚ್ಚಗಿದ್ದರೆ ಸರಿ, ಅದಕ್ಕಿಂತ ಬಿಸಿಯಾದದ್ದನ್ನು ಮುಟ್ಟುವಂತಿಲ್ಲ. ನಾನು ನಕ್ಕೆ. "ನಗಬೇಡಿ ರೀ, ಶ್ರಾವಣ ಶನಿವಾರ ಹಿಡಿದವಳಿಗೆ ಇದೇನು ದೊಡ್ಡದಲ್ಲ," ಅಂದಳು.

ನಿಜಕ್ಕೂ ಅವಳು ಅದನ್ನು ವ್ರತದ ಹಾಗೆಯೇ ಹಿಡಿದಳು. ಅವಳ ತಟ್ಟೆ, ಅವಳ ಬಟ್ಟಲು, ಅವಳ ಚಾಕು ಬೇರೆ ಶೆಲ್ಫಿಗೆ ಹೋದವು. ಒಲೆಯ ಮೇಲಿಟ್ಟ ಯಾವುದೂ ಅವಕ್ಕೆ ತಾಗುವಂತಿಲ್ಲ. ಅವಳ ತವರಿನಲ್ಲಿ ಮಡಿಯ ಅಡುಗೆಗೆ ಮಾಡುತ್ತಿದ್ದ ಕಟ್ಟುಗಳೆಲ್ಲ ಈಗ ಸೌತೆಕಾಯಿಗೆ ಬಂದಿದ್ದವು. ನಾನು ಅನ್ನ ಕಲಸಿದ ಕೈಯಲ್ಲಿ ಅವಳ ಮೊಳಕೆಕಾಳು ಮುಟ್ಟಿದರೆ, "ಕೈ ತೊಳ್ಕೊಳ್ಳಿ," ಅನ್ನುತ್ತಿದ್ದಳು. ಮೂವತ್ತೈದು ವರ್ಷ ನನಗೆ ಬಿಸಿ ರೊಟ್ಟಿ ತಟ್ಟಿ ಹಾಕಿದವಳು!

ಒಂದು ತಿಂಗಳು ಕೋಸಂಬರಿ, ಹಣ್ಣು, ಕಾಯಿತುರಿ ತಿಂದ ಮೇಲೆ ಅವಳು ಸೋತಳು. ಹಸಿವಿನಿಂದಲ್ಲ. "ಹಲ್ಲಿಗೆ ಕೆಲಸವೇ ಇಲ್ಲ ರೀ. ಕಟುಂ ಅನ್ನೋದು ಒಂದು ಬೇಕು. ನಮ್ಮ ಕಡೆ ಕಡಕ್ ರೊಟ್ಟಿ ಥರ," ಅಂದಳು. ನಾವಿಬ್ಬರೂ ದಾವಣಗೆರೆ ಕಡೆಯವರು, ಕಡಕ್ ರೊಟ್ಟಿ ಅಂದರೆ ನನಗೂ ಬಾಯಲ್ಲಿ ನೀರು. ಅಗಸೆಬೀಜ, ಮೊಳಕೆ ಹೆಸರುಕಾಳು, ಕ್ಯಾರೆಟ್, ಜೀರಿಗೆ, ಹಸಿಮೆಣಸಿನಕಾಯಿ ರುಬ್ಬಿ ತೆಳ್ಳಗೆ ಹರಡಿ, ಬಿಸಿಗಾಳಿ ಆಡಿಸುವ ಡಿಹೈಡ್ರೇಟರಿನಲ್ಲಿ ಒಣಗಿಸಿದರೆ ರೊಟ್ಟಿಯೇ ಆಗುತ್ತದೆ ಎಂದು ಗುಂಪಿನವರು ಹೇಳಿದ್ದರಂತೆ. ಫೋನಿನಲ್ಲಿ ಅದರ ಚಿತ್ರ ತೋರಿಸಿದಳು. ಸಣ್ಣ ಬೀರುವಿನ ಹಾಗೆ ಇತ್ತು, ಒಳಗೆ ಜಾಲರಿ ತಟ್ಟೆಗಳು.

"ಏನೂ ಬೇಡ. ದಿಲ್ಲಿಯ ಬಿಸಿಲಿಗಿಂತ ಯಾವ ಮೆಶಿನ್ನು? ನಮ್ಮಮ್ಮ ಊರಿಗೆಲ್ಲ ಆಗುವಷ್ಟು ಸಂಡಿಗೆ ಒಣಗಿಸಿದ್ದು ಯಾವ ಮೆಶಿನ್‌ನಲ್ಲಿ?" ಅಂದೆ.

"ನಿಮ್ಮಮ್ಮ ಒಣಗಿಸಿದ್ದು ದಾವಣಗೆರೆಯಲ್ಲಿ. ಇಲ್ಲಿ ಧೂಳು ತಿನ್ನಬೇಕು, ಅಷ್ಟೆ."

ಮಾತಿಗೆ ಮಾತು ಬೆಳೆದು ನಾನು ಹಠಕ್ಕೆ ಬಿದ್ದೆ. ದುಡ್ಡಿನ ಪ್ರಶ್ನೆ ಆಗಿರಲಿಲ್ಲ ಅದು. ಸೊಸೈಟಿಯವರು ಟೆರೇಸಿಗೆ ಬೀಗ ಹಾಕಿದ್ದರು. ಗಾರ್ಡ್ ಭಯ್ಯಾನ ಜೊತೆ ಜಗಳಾಡಿ ಬೀಗದ ಕೈ ಇಸಿದುಕೊಂಡೆ. ಸ್ಟೀಲ್ ತಟ್ಟೆಗಳ ಮೇಲೆ ಅವಳ ಹಳೆಯ ವಾಯಿಲ್ ಸೀರೆ ಕಟ್ಟಿ ಪಾರಿವಾಳಗಳನ್ನು ದೂರ ಇಟ್ಟೆ. ಮೇ ತಿಂಗಳ ಬಿಸಿಲು ನನ್ನ ಮಾನ ಉಳಿಸಿತು. ಬೆಳಿಗ್ಗೆ ಹರಡಿದ್ದು ಸಂಜೆಯೊಳಗೆ ಎಲೆಯ ಹಾಗೆ ಎದ್ದು ಬರುತ್ತಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುವಳು, ನಾನು ರುಬ್ಬುವೆ. ಇಷ್ಟು ದಪ್ಪ ಬೇಡ. ಅಂಚು ಒಡೆಯುತ್ತೆ, ನೀರು ಕೈ ಮಾಡ್ಕೊಳ್ಳಿ. ಹಾಗಲ್ಲ ರೀ, ಹೀಗೆ. ಚಹಾ ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದ ನಾನು ಅರವತ್ತಮೂರನೇ ವಯಸ್ಸಿನಲ್ಲಿ ಹೆಂಡತಿಗೆ ರೊಟ್ಟಿ ಮಾಡಿದೆ. ಅವಳು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿಯುತ್ತಿದ್ದಳು. "ಕೈ ಪಳಗಿತು ನಿಮ್ಮದು," ಅಂದಳು ಒಂದು ದಿನ. ಆ ಎರಡು ತಿಂಗಳು ಮನೆಯಲ್ಲಿ ಕಾಯಿಲೆ ಇದೆ ಅನ್ನುವುದೇ ನನಗೆ ಮರೆತುಹೋಗುತ್ತಿತ್ತು.

ಮಳೆಗಾಲದಲ್ಲಿ ರೊಟ್ಟಿಗೆ ಬೂಷ್ಟು ಬಂತು. ಅವಳು ಮತ್ತೆ ಮೆಶಿನ್ ಕೇಳಿದಳು. ದಸರಾ ಬರಲಿ, ಬಿಸಿಲು ತಾನೇ ಬರುತ್ತೆ ಅಂದೆ. ದಸರಾ ಬಂತು, ಬಿಸಿಲೂ ಹದಿನೈದು ದಿನ ಬಂತು. ಆಮೇಲೆ ನವೆಂಬರ್. ನವೆಂಬರಿನ ದಿಲ್ಲಿಯ ಆಕಾಶವನ್ನು ನಾನು ಮೂವತ್ತು ವರ್ಷದಿಂದ ನೋಡಿದವನು, ಆದರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸೂರ್ಯ ಹಾಲಿನಲ್ಲಿ ಬಿದ್ದ ಬಿಲ್ಲೆಯ ಹಾಗೆ ಬೆಳ್ಳಗೆ ಕಾಣುತ್ತಿದ್ದ, ಶಾಖವೇ ಇಲ್ಲ. ಎದುರಿನ ಟವರ್ ಹೊಗೆಯಲ್ಲಿ ಅರ್ಧ ಮಾಯ. ಎರಡು ದಿನ ಇಟ್ಟರೂ ರೊಟ್ಟಿ ಮೆತ್ತಗೇ ಇದ್ದು ಹುಳಿ ವಾಸನೆ ಬಂತು, ಮೇಲೆ ಬೂದಿಬಣ್ಣದ ಪುಡಿ. ಅವಳ ಊಟ ಮೂರು ಬಾಳೆಹಣ್ಣಿಗೆ ಇಳಿಯಿತು.

"ಈಗಲಾದ್ರೂ ತರಿಸ್ರೀ," ಅಂದಳು.

"ಸೂರ್ಯ ಎಲ್ಲಿಗೆ ಹೋಗ್ತಾನೆ? ನಾಳೆ ಬರ್ತಾನೆ," ಅಂದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅದು ನಾನೇ. ಮೆಶಿನ್ ಬಂದರೆ ಅವಳ ಬಾಯಿಗೆ ಹೋಗುವ ರೊಟ್ಟಿ ನನ್ನದಾಗಿ ಉಳಿಯುವುದಿಲ್ಲ ಅನ್ನುವ ಅಸೂಯೆಯೂ ಇತ್ತು. ನಗಬೇಕೋ ಅಳಬೇಕೋ, ಒಂದು ಪೆಟ್ಟಿಗೆಯ ಮೇಲೆ ಅಸೂಯೆ.

ಮಾರನೇ ಮಧ್ಯಾಹ್ನ ಅವಳು ಮಲಗಿದ್ದಾಗ ಹಂಚನ್ನು ಒಲೆಯ ಮೇಲಿಟ್ಟೆ. ಉರಿ ಆದಷ್ಟು ಸಣ್ಣಗೆ ಮಾಡಿ, ಮೆತ್ತಗಿದ್ದ ರೊಟ್ಟಿಗಳನ್ನು ಒಂದೊಂದಾಗಿ ಒಣಗಿಸಿದೆ. ಹೊಗೆಕಿಂಡಿಯ ಫ್ಯಾನು ಹಾಕಿದೆ, ಹಂಚು ತೊಳೆದು ಒರೆಸಿಟ್ಟೆ. ಎದ್ದಾಗ ತಟ್ಟೆ ಮುಂದಿಟ್ಟು, "ನೋಡು, ಬಿಸಿಲು ಬಂದಿತ್ತು," ಅಂದೆ. ಅವಳು ಎರಡೂವರೆ ರೊಟ್ಟಿ ತಿಂದಳು. ಎಷ್ಟೋ ದಿನದ ಮೇಲೆ ಅವಳ ಕೆನ್ನೆಗೆ ಬಣ್ಣ ಬಂದಂತೆ ಕಂಡಿತು. ನನಗೆ ಪಶ್ಚಾತ್ತಾಪ ಆಗಲಿಲ್ಲ. ಗೆದ್ದಂತೆ ಆಯಿತು.

ಒಂಬತ್ತು ದಿನ ಹೀಗೇ ನಡೆಯಿತು. ಒಂದು ಸಂಜೆ ಅವಳು ಗುಂಪಿಗೆ ಮಾತು ರೆಕಾರ್ಡ್ ಮಾಡಿ ಕಳಿಸುವುದು ಕೇಳಿಸಿತು. ತನ್ನ ಹರಕುಮುರುಕು ಹಿಂದಿಯಲ್ಲಿ, ನಮ್ಮ ಯಜಮಾನರು ಮೆಶಿನ್ ಇಲ್ಲದೆ ಬರೀ ಬಿಸಿಲಲ್ಲಿ ಎಷ್ಟು ಚೆನ್ನಾಗಿ ಮಾಡ್ತಾರೆ ಗೊತ್ತಾ, ನವೆಂಬರಿನಲ್ಲೂ, ಎಂದು ಹೇಳುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಎದ್ದು ಹೋಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಹತ್ತನೆಯ ದಿನ ಅವಳು ರೊಟ್ಟಿಯನ್ನು ಬಾಯಿಗಿಡದೆ ಕಿಟಕಿಯ ಕಡೆ ಹಿಡಿದಳು. ತಿರುಗಿಸಿದಳು. ಮೂಸಿದಳು. ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕಂದು ಚುಕ್ಕೆ ಇತ್ತು. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಜೀವಮಾನವೆಲ್ಲ ರೊಟ್ಟಿ ಬಡಿದವಳಿಗೆ ಬೀಳದೆ ಇರುತ್ತದೆಯೇ?

"ಇದು ಹಂಚಿನ ಮೇಲೆ ಬಿದ್ದಿದೆ," ಅಂದಳು.

ನಾನು ತಟ್ಟೆ ಎತ್ತಿಕೊಳ್ಳಲು ಕೈ ಚಾಚಿದೆ.

"ಎಷ್ಟು ದಿನದಿಂದ ರೀ?"

"ಇದೊಂದೇ," ಅಂದೆ.

ಅವಳು ನನ್ನ ಮುಖ ನೋಡಿದಳು. ಮೊದಲನೆಯ ಸುಳ್ಳನ್ನು ಕ್ಷಮಿಸುತ್ತಿದ್ದಳೋ ಏನೋ, ಎರಡನೆಯದು ಆ ಕ್ಷಣ ನಡೆದದ್ದು ಅವಳ ಕಣ್ಣೆದುರೇ. ಬೈದಿದ್ದರೆ ನಾನೂ ಬೈಯಬಹುದಿತ್ತು. ಬೈಯಲಿಲ್ಲ. ನಾನೇ ದನಿ ಎತ್ತಿದೆ. "ಡಾಕ್ಟರೇ ಏನು ಬೇಕಾದ್ರೂ ತಿನ್ನು ಅಂದಿದ್ದಾರೆ. ಬೆಂಕಿ ತಾಗಿದ್ರೆ ಏನಾಗಿಬಿಡುತ್ತೆ? ಇದರಿಂದ ಏನೂ ಗುಣ ಆಗಲ್ಲ ಅಂತ ನಿನಗೂ ಗೊತ್ತು!"

"ಗೊತ್ತು," ಅಂದಳು ಮೆಲ್ಲಗೆ. "ಸ್ಕ್ಯಾನು, ಸೂಜಿ, ಎಲ್ಲಾ ಬೇರೆಯವರ ಕೈಲಿದೆ. ಇದೊಂದು ನನ್ನ ಕೈಲಿತ್ತು."

ಆಮೇಲೆ ಫೋನು ತೆಗೆದು ಗುಂಪಿಗೆ ಇನ್ನೊಂದು ಮಾತು ಕಳಿಸಿದಳು. ಬಿಸಿಲಿನ ವಿಷಯ ತಾನು ಹೇಳಿದ್ದು ತಪ್ಪು, ದಯವಿಟ್ಟು ಯಾರೂ ನವೆಂಬರಿನಲ್ಲಿ ಹಾಗೆ ಮಾಡಬೇಡಿ, ಅಷ್ಟೇ. ನನ್ನ ಹೆಸರು ಎತ್ತಲಿಲ್ಲ.

ಅಂದಿನಿಂದ ನಾನು ಹೆಚ್ಚಿದ್ದು, ರುಬ್ಬಿದ್ದು ಅವಳು ಮುಟ್ಟಲಿಲ್ಲ. ಬಾಳೆಹಣ್ಣು, ಕಿತ್ತಳೆ, ಸಿಪ್ಪೆ ಇದ್ದದ್ದನ್ನು ಮಾತ್ರ ಇಸಿದುಕೊಂಡು ತಾನೇ ಸುಲಿದುಕೊಳ್ಳುತ್ತಿದ್ದಳು. ಮುನಿಸು ಅನ್ನುವಂತಿರಲಿಲ್ಲ, ಮಾತುಕತೆ ಮೊದಲಿನಂತೆಯೇ ಇತ್ತು. ಮಾತ್ರೆ ಹಾಕಿಕೊಂಡಿರಾ ಅಂತ ನನ್ನನ್ನೇ ವಿಚಾರಿಸುವಳು. ಒಂದು ಕಿತ್ತಳೆ ಸುಲಿಯಲು ಅವಳಿಗೆ ಕಾಲು ಗಂಟೆ ಹಿಡಿಯುತ್ತಿತ್ತು. "ಕೊಡೇ, ನಾನು ಸುಲೀತೀನಿ," ಅಂದರೆ, "ಇರಲಿ ಬಿಡಿ," ಅನ್ನುವಳು. ಆ ಇರಲಿ ಬಿಡಿ ನನ್ನನ್ನು ಸುಡುತ್ತಿತ್ತು.

ಮೆಶಿನ್ ತರಿಸಿದ್ದು ಮಗಳು. ಅವಳು ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾಳೆ, ತಿಂಗಳಿಗೊಮ್ಮೆ ಶನಿವಾರ ಬಂದು ಸೋಮವಾರ ಬೆಳಗಾಗುತ್ತಲೇ ಹೊರಡುತ್ತಾಳೆ. ಅಮ್ಮನ ಕುತ್ತಿಗೆಯ ಎಲುಬು ನೋಡಿ, "ಪಾಪಾ, ಇಟ್ಸ್ ಜಸ್ಟ್ ಎ ಮೆಶಿನ್! ಇಷ್ಟು ದಿನ ಯಾಕೆ ತರಿಸಿಲ್ಲ?" ಅಂದಳು. ಮೂರನೇ ದಿನಕ್ಕೆ ಪೆಟ್ಟಿಗೆ ಬಂತು. ನನ್ನ ಹೆಂಡತಿ ಅದನ್ನು ಅಡುಗೆಮನೆಯಲ್ಲಿ ಇಡಗೊಡಲಿಲ್ಲ. ತನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡಿಸಿದಳು. ಮುಂಭಾಗದಲ್ಲಿ ಶಾಖದ ಅಂಕಿ ಕೆಂಪಗೆ ಉರಿಯುತ್ತಿತ್ತು, ಗುಂಪಿನವರ ಲೆಕ್ಕದಲ್ಲಿ ಅದು ನಲವತ್ತೈದು ಡಿಗ್ರಿ ದಾಟುವಂತಿರಲಿಲ್ಲ. ಹಗಲೆಲ್ಲ ಅದು ಗುಂಯ್‌ಗುಟ್ಟುತ್ತಿದ್ದರೆ ಅವಳು ಮಗ್ಗುಲಾಗಿ ಮಲಗಿ ಅಂಕಿಯನ್ನೇ ನೋಡುತ್ತಿದ್ದಳು. ತಟ್ಟೆ ಹೊರಗೆಳೆಯುವ ಮುಂಚೆ ಕನ್ನಡಕ ಹಾಕಿಕೊಂಡು ಒಮ್ಮೆ ಓದಿ, "ಹೂಂ, ಈಗ ಕೊಡಿ," ಅನ್ನುವಳು. ಆಗ ಮಾತ್ರ ನನ್ನ ಕೈಯಿಂದ ತಿನ್ನುವಳು.

ಬೇಯಿಸದ ಊಟಕ್ಕೆ ಆ ಮೆಶಿನ್ ಬೇಕೇ ಎಂದರೆ ಈಗಲೂ ಬೇಡವೆಂದೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅದು ಬೇಕಾಯಿತು, ಏಕೆಂದರೆ ಮೂವತ್ತೈದು ವರ್ಷ ಜೊತೆಗಿದ್ದ ಗಂಡನ ಮಾತು ಸಾಲದಾಗಿತ್ತು. ಇದನ್ನು ಎದುರು ಮನೆಯ ಹೆಂಗಸಿಗೆ ಹೇಗೆ ಹೇಳಲಿ?

ಚಳಿ ಮುಗಿಯುವ ಹೊತ್ತಿಗೆ ರೊಟ್ಟಿ ಹೋಗಿ ಚೂರಾಯಿತು, ಚೂರು ಹೋಗಿ ಪುಡಿಯಾಯಿತು. ಅಗಿಯಲು ಆಗದಿದ್ದರೂ ನಾಲಿಗೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಕೊನೆಯ ವಾರ ಮಗಳು ರಜೆ ಹಾಕಿ ಬಂದಿದ್ದಳು. ಒಂದು ಮಧ್ಯಾಹ್ನ ತಟ್ಟೆ ಹೊರಗೆಳೆಯುವ ಹೊತ್ತಾಯಿತು. ನಾನೇ ಕನ್ನಡಕ ತೊಡಿಸಿದೆ. ಅವಳು ಅಂಕಿಯ ಕಡೆ ಬಹಳ ಹೊತ್ತು ನೋಡಿದಳು. ಕಣ್ಣು ಕಿರಿದು ಮಾಡಿದಳು. ಕಾಣುತ್ತಿರಲಿಲ್ಲ ಅವಳಿಗೆ.

"ನಲವತ್ತೆರಡು," ಅಂದೆ ನಾನು. ಅದು ನಲವತ್ತೆರಡೇ ಇತ್ತು.

ಚೂರನ್ನು ತುಟಿಯ ಹತ್ತಿರ ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ಕೋಪವಿರಲಿಲ್ಲ ಮುಖದಲ್ಲಿ, ನನ್ನ ಬಗ್ಗೆ ಕನಿಕರವೇ ಇತ್ತು ಅನಿಸುತ್ತದೆ. ನಿಧಾನವಾಗಿ ತಲೆ ಹೊರಳಿಸಿ ಕಾಲ ಬಳಿ ಕೂತಿದ್ದ ಮಗಳ ಕಡೆ ನೋಡಿ, "ನೀನು ಓದೇ," ಅಂದಳು.

ಮಗಳು ನನ್ನ ಮುಖ ನೋಡಿದಳು, ಮೆಶಿನ್ ನೋಡಿದಳು. "ಬಯಾಲೀಸ್, ಅಮ್ಮ. ಫಾರ್ಟಿ ಟೂ. ಪಕ್ಕಾ," ಅಂದಳು.

ಆಗ ಅವಳು ಬಾಯಿ ತೆರೆದಳು. ನಾನು ಚೂರನ್ನು ನಾಲಿಗೆಯ ಮೇಲಿಟ್ಟೆ.