ಮುಂಡಾಜೆಯವನ ಪ್ಲೇಟು

ಮೊನ್ನೆ ಬಂಟ್ವಾಳದ ಡಾಕ್ಟರು ನನ್ನ ಗಂಟಲು ನೋಡಲು ಬಾಯಿ ತೆರೆಸಿ, ನಾಲಗೆಯ ಮೇಲೆ ಚಪ್ಪಟೆ ಮರದ ಕಡ್ಡಿಯೊಂದನ್ನು ಒತ್ತಿದರು. ಒಣ ಕಡ್ಡಿ ಎಂಜಲಿಗೆ ನೆನೆದು ಒಂದು ರುಚಿ ಬಿಟ್ಟಿತು. 'ಆ' ಎಂದು ಸ್ವರ ಎಳೆಯಬೇಕಾದವನು ಸುಮ್ಮನೆ ಕುಳಿತುಬಿಟ್ಟೆ. ಕ್ಲಾರಿನೆಟ್ಟಿನ ರೀಡಿಗೂ ಇದೇ ರುಚಿ. ಜೊಂಡಿನ ಆ ತೆಳ್ಳಗಿನ ಚೂರನ್ನು ನುಡಿಸುವ ಮೊದಲು ಬಾಯಲ್ಲಿಟ್ಟು ನೆನೆಸಬೇಕು... "ಆ ಅನ್ನಿ, ಅಜ್ಜ" ಎಂದು ಡಾಕ್ಟರು ಹೇಳುತ್ತಲೇ ಇದ್ದರು. ನನಗೆ ಮುಂಡಾಜೆಯವನ ನೆನಪಾಗಿತ್ತು.

ಅವನಿಗೆ ಒಂದು ಹೆಸರಿತ್ತು, ಇಲ್ಲದೆ ಏನು? ಆದರೆ ನಮ್ಮ ಬ್ಯಾಂಡಿನಲ್ಲಿ ಯಾರೂ ಅದನ್ನು ಹಿಡಿದು ಕರೆದದ್ದು ಕಾಣೆ. ಚಾರ್ಮಾಡಿ ದಾರಿಯ ಮುಂಡಾಜೆಯಿಂದ ಬಂದವನಾದ್ದರಿಂದ ಮುಂಡಾಜೆಯವ. ನಾನಂತೂ ಹೆಸರು ಹಿಡಿದು ಕರೆಯುವಷ್ಟು ಮರ್ಯಾದೆಯನ್ನು ಅವನಿಗೆ ಕೊಡಲು ತಯಾರಿರಲಿಲ್ಲ.

ನಮ್ಮದು ದಿಬ್ಬಣದ ಬ್ಯಾಂಡ್. ಕೆಂಪು ಕೋಟು, ಹಿತ್ತಾಳೆ ಗುಂಡಿ, ಒಂಬತ್ತು ಜನ. ಬಂಟ್ವಾಳದಿಂದ ಬೆಳ್ತಂಗಡಿ, ಮೂಡಬಿದ್ರಿವರೆಗೆ ಎಲ್ಲಿ ಮದುವೆಯಾದರೂ ಮದುಮಗನ ಮುಂದೆ ನಡೆಯುತ್ತ ನುಡಿಸುವುದು ನಮ್ಮ ಕಸುಬು. ಬ್ಯಾಂಡಿನ ಮಾಸ್ಟ್ರು ಎಲ್ಲರಿಗಿಂತ ಹಿಂದೆ, ಮದುಮಗನ ಪಕ್ಕದಲ್ಲಿ ಬರುತ್ತಿದ್ದರು. ಚಪ್ಪರದ ಬಾಗಿಲು ಬಂದಾಗ ನಿಲ್ಲಿಸಬೇಕಲ್ಲ, ಅವರು ತಮ್ಮ ಮುಂದಿನವನ ಭುಜ ಮುಟ್ಟುತ್ತಿದ್ದರು. ಅವನು ಅವನ ಮುಂದಿನವನದ್ದು. ಹಾಗೆ ಭುಜದಿಂದ ಭುಜಕ್ಕೆ ಹೋಗಿ ಎಲ್ಲಕ್ಕಿಂತ ಮುಂದಿನ ಕ್ಲಾರಿನೆಟ್ಟಿಗೆ ಮುಟ್ಟಿದಾಗ ಹಾಡು ನಿಲ್ಲುತ್ತಿತ್ತು. ಹಿಂದಿನಿಂದ ಕೈ ಬೀಳದೆ ಯಾರೂ ನಿಲ್ಲಿಸುವ ಹಾಗಿಲ್ಲ. ಮಳೆ ಬರಲಿ, ಗೂಳಿ ಬರಲಿ, ನುಡಿಸುತ್ತಲೇ ಇರಬೇಕು. ಹಾಗಾಗಿ ನಮಗೆ ಹಾಡು ಶುರು ಮಾಡುವುದು ಗೊತ್ತಿತ್ತು, ಮುಗಿಸುವುದು ಗೊತ್ತಿರಲಿಲ್ಲ.

ಆ ಮುಂದಿನ ಕ್ಲಾರಿನೆಟ್ಟು ಆರು ವರ್ಷ ನನ್ನದಾಗಿತ್ತು. ಐವತ್ತರ ದಶಕದ ನಡುವಿನಲ್ಲಿ ಇವನು ಬಂದ. ಬೆರಳು ಎಲ್ಲಿಡಬೇಕೆಂದು ಹೇಳಿಕೊಟ್ಟವನು ನಾನು. ರೀಡು ಕೆರೆದು ಹದ ಮಾಡುವುದನ್ನು ಕಲಿಸಿದವನು ನಾನು. ಎರಡೇ ವರ್ಷದಲ್ಲಿ ಗುರುವಿಗೇ ತಿರುಮಂತ್ರ! ನನಗೆ ನೊಟೇಶನ್ ಓದಲು ಬರುತ್ತಿತ್ತು, ಅವನಿಗೆ ಹಾಳೆಯನ್ನು ತಲೆಕೆಳಗಾಗಿ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಕಣ್ಣು ಮುಚ್ಚಿ ಊದತೊಡಗಿದರೆ ದಿಬ್ಬಣದ ಹೆಂಗಸರು ಮದುಮಗನನ್ನು ಬಿಟ್ಟು ಇವನನ್ನು ನೋಡುತ್ತಿದ್ದರು. ಒಂದು ದಿನ ಮಾಸ್ಟ್ರು ನನ್ನನ್ನು ಕರೆದು, "ನೀನು ಸ್ವಲ್ಪ ಹಿಂದೆ ನಿಲ್ಲು ಮಾರಾಯ, ಅವ ಮುಂದೆ ಬರಲಿ. ನಿನಗೆ ಬೇಜಾರಿಲ್ಲ ಅಲ್ವ?" ಎಂದರು. ಬೇಜಾರು ಎಂತದ್ದು ಎಂದು ನಕ್ಕೆ. ಮರುದಿನ ಅವನ ಹಿಂದೆ ಹೋಗಿ ನಿಂತೆ.

ಪ್ಲೇಟಿನ ವಿಷಯ ಬಂದದ್ದು ಆಮೇಲೆ. ಗ್ರಾಮಫೋನ್ ರೆಕಾರ್ಡಿಗೆ ನಮ್ಮಲ್ಲಿ ಪ್ಲೇಟು ಎನ್ನುತ್ತಿದ್ದರು. ಅದನ್ನು ಮಾರುವವರೊಬ್ಬರು ಮಿಜಾರಿನ ಮದುವೆಯಲ್ಲಿ ನಮ್ಮನ್ನು ಕೇಳಿ, ಮದ್ರಾಸಿಗೆ ಬನ್ನಿ, ಎರಡು ಬದಿಗೆ ಎರಡು ಹಾಡು ನುಡಿಸಿ ಎಂದರು. ಒಂದು ಬದಿಗೆ ಎಲ್ಲರೂ ನುಡಿಸುವ ದಿಬ್ಬಣದ ಮಾರ್ಚು. ಇನ್ನೊಂದಕ್ಕೆ ಮುಂಡಾಜೆಯವನು ತಾನೇ ಕಟ್ಟಿದ ಧಾಟಿ. ಅವನು ಅದನ್ನು ಊರಿನಿಂದ ಬೆಳ್ತಂಗಡಿಗೆ ನಡೆದು ಬರುವಾಗ ದಾರಿಯಲ್ಲಿ ಕಟ್ಟಿದ್ದನಂತೆ. ನಾನೂ ಧಾಟಿಗಳನ್ನು ಕಟ್ಟಿದ್ದೆ, ಪುಸ್ತಕದಲ್ಲಿ ಬರೆದೂ ಇಟ್ಟಿದ್ದೆ. ಯಾರೂ ಕೇಳಲಿಲ್ಲ.

ಸ್ಟುಡಿಯೋದಲ್ಲಿ ಗೋಡೆಗೆಲ್ಲ ದಪ್ಪ ಬಟ್ಟೆ, ನಡುವೆ ಒಂದೇ ಮೈಕು. ನಿಂತಲ್ಲೇ ನಿಂತು ನುಡಿಸಿ ಎಂದರು. ಜೀವಮಾನವಿಡೀ ನಡೆಯುತ್ತ ನುಡಿಸಿದವರು ನಾವು. ಕಾಲು ನಿಂತಿತು, ತಾಳ ತಪ್ಪಿತು. ಡ್ರಮ್ಮು ಒಂದು ಕಡೆ, ಟ್ರಂಪೆಟ್ಟು ಇನ್ನೊಂದು ಕಡೆ. ಅರ್ಧ ದಿನ ಹಾಗೇ ಹೋಯಿತು. ಕಡೆಗೆ ಮುಂಡಾಜೆಯವನು ಚಪ್ಪಲಿ ಬಿಟ್ಟು, ನಿಂತಲ್ಲೇ ಹೆಜ್ಜೆ ಹಾಕತೊಡಗಿದ. ಎಲ್ಲರೂ ಹಾಗೇ ಮಾಡಿದೆವು. ಕಾಲಿನ ಸದ್ದು ಕೇಳುತ್ತದೆಂದು ರೆಕಾರ್ಡು ಮಾಡುವವರು ಕೆಳಗೆ ಕಂಬಳಿ ಹಾಸಿಸಿದರು. ಮದ್ರಾಸಿನ ಸೆಕೆಯಲ್ಲಿ, ಕೋಟು ತೊಟ್ಟುಕೊಂಡು, ಕಂಬಳಿಯ ಮೇಲೆ, ಎಲ್ಲಿಗೂ ಹೋಗದ ದಿಬ್ಬಣ!

ಆಗ ಇನ್ನೊಂದು ಕುತ್ತು ಬಂತು. ಎರಡು ಕ್ಲಾರಿನೆಟ್ಟು ಒಂದೇ ಮೈಕಿಗೆ ಆಗುವುದಿಲ್ಲವಂತೆ, ಒಂದು ಸಾಕಂತೆ. ಮಾಸ್ಟ್ರು ನನ್ನ ಮುಖ ನೋಡಲಿಲ್ಲ. ಗಾಜಿನ ಕೋಣೆಗೆ ಹೋಗುತ್ತ, "ನೀನು ಇವನ ಹಿಂದೆ ನಿಲ್ಲು. ಮೂರು ನಿಮಿಷ ಆಗುವಾಗ ಕೆಂಪು ಬಲ್ಬು ಹತ್ತುತ್ತದೆ. ಆಗ ಭುಜ ಮುಟ್ಟು, ಅವ ನಿಲ್ಲಿಸುತ್ತಾನೆ" ಎಂದರು. ಮದ್ರಾಸಿನವರೆಗೆ ಕ್ಲಾರಿನೆಟ್ಟು ಹೊತ್ತುಕೊಂಡು ಹೋದವನಿಗೆ ಸಿಕ್ಕಿದ್ದು ಭುಜ ಮುಟ್ಟುವ ಕೆಲಸ.

ಮೊದಲ ಬದಿಗೆ ಸರಿಯಾಗಿಯೇ ಮುಟ್ಟಿದೆ. ಎರಡನೆಯದು ಅವನ ಧಾಟಿ. ಅಷ್ಟು ಚೆನ್ನಾಗಿ ಅವನು ಎಂದೂ ನುಡಿಸಿರಲಿಲ್ಲ. ನನ್ನಿಂದ ಅದು ಆಗುವುದಲ್ಲ ಎಂದು ಅಲ್ಲಿ, ಅವನ ಬೆನ್ನ ಹಿಂದೆ, ನನಗೆ ಖಂಡಿತವಾಯಿತು. ಬಲ್ಬು ಹತ್ತಿತು. ಕೈ ಎತ್ತಿದೆ. ಅವನ ಭುಜಕ್ಕೂ ನನ್ನ ಬೆರಳಿಗೂ ಒಂದು ಅಂಗುಲ ಇದ್ದೀತು... ಮುಟ್ಟಲಿಲ್ಲ. ಮರೆತೆ ಎಂದು ಹಲವರಲ್ಲಿ ಹೇಳಿದ್ದೇನೆ. ಮರೆತದ್ದಲ್ಲ. ಹಾಳಾಗಲಿ ಎಂದೇ ಮುಟ್ಟಲಿಲ್ಲ.

ಬಲ್ಬು ಆರಿತು, ಯಂತ್ರ ನಿಂತಿತು. ಇವನು ಇನ್ನೂ ಊದುತ್ತಲೇ ಇದ್ದ. ಇನ್ನೊಮ್ಮೆ ನುಡಿಸೋಣವೆಂದರೆ ನಮ್ಮ ಹೊತ್ತು ಮುಗಿದಿತ್ತು. ಹೊರಗೆ ಸಿನಿಮಾದವರು ಪಿಟೀಲು ಹಿಡಿದು ಕಾಯುತ್ತಿದ್ದರು. ಮಾಸ್ಟ್ರು ಗಾಜಿನ ಕೋಣೆಯಿಂದ ಓಡಿ ಬಂದು ನನ್ನನ್ನು ತಿನ್ನುವ ಹಾಗೆ ನೋಡಿದರು.

"ಅಣ್ಣ ಮುಟ್ಟಿದ್ರು ಮಾಸ್ಟ್ರೇ. ನನಗೇ ಗೊತ್ತಾಗಲಿಲ್ಲ" ಎಂದ ಮುಂಡಾಜೆಯವ.

ಊರು ಮುಟ್ಟುವವರೆಗೂ ಬೈಗುಳ ತಿಂದದ್ದು ಅವನು. ನಾನು ರೈಲಿನ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಪಾಪ, ಅವನಿಗೆ ನಿಜವಾಗಿ ಗೊತ್ತಾಗಿಲ್ಲ ಎಂದುಕೊಂಡೆ.

ಪ್ಲೇಟು ಬಂತು. ಹಾಡು ನಡು ಸಾಲಿನಲ್ಲಿ ಕತ್ತರಿಸಿ ಹೋಗಿತ್ತು. ಜನ ನಗುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಬಸ್ಸು ಹತ್ತಿ ಮೂಡಬಿದ್ರಿಗೇ ಹೋದೆ. ಅಲ್ಲಿನ ಹೋಟೆಲೊಂದರಲ್ಲಿ ಗ್ರಾಮಫೋನ್ ಇತ್ತು. ಅವನ ಹಾಡು ಹಾಕಿದರು. ಕಡೆಗೆ ಅದು ತಟ್ಟನೆ ನಿಂತಾಗ ಚಹಾದ ಗ್ಲಾಸುಗಳು ಬಾಯಿಯ ಹತ್ತಿರವೇ ನಿಂತವು. ಆಮೇಲೆ ಒಬ್ಬ, "ಇನ್ನೊಮ್ಮೆ ಹಾಕಿ ಮಾರಾಯ್ರೆ, ಮುಂದೆ ಎಂತ ಉಂಟು ನೋಡುವ" ಎಂದ. ಇನ್ನೊಮ್ಮೆ ಹಾಕಿದರು. ಮತ್ತೊಮ್ಮೆ ಹಾಕಿದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬಂಟ್ವಾಳದಲ್ಲಿ ಮದುವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದ ಬ್ಯಾರಿಯವರು ಒಂದೇ ವರ್ಷದಲ್ಲಿ ಮೂರು ಪ್ಲೇಟು ಸವೆಸಿದರು. "ಮುಗಿಯುವ ಹಾಡನ್ನು ಜನ ಒಮ್ಮೆ ಕೇಳ್ತಾರೆ. ಇದು ಮುಗಿಯುವುದೇ ಇಲ್ಲವಲ್ಲ!" ಎಂದು ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಬಿಟ್ಟೆ. ಅಳದಂಗಡಿಯಲ್ಲಿ ಮದುಮಗಳ ತಂದೆಯೊಬ್ಬರು ಪಟ್ಟು ಹಿಡಿದರು: ಪ್ಲೇಟಿನಲ್ಲಿ ನಿಂತ ಹಾಗೆಯೇ ನಮ್ಮ ಬಾಗಿಲಲ್ಲಿಯೂ ನಿಲ್ಲಿಸಬೇಕು. ನನ್ನ ಹೊಟ್ಟೆಕಿಚ್ಚು ಅವನಿಗೆ ಕಿರೀಟವಾಯಿತು. ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಆರೇಳು ವರ್ಷವಾದ ಮೇಲೆ ಅವನಿಗೆ ದಮ್ಮು ಶುರುವಾಯಿತು. ಊದುವುದು ಬಿಟ್ಟು ಊರಿಗೆ ಹೋದ. ಮುಂದಿನ ಜಾಗ ಮತ್ತೆ ನನ್ನದಾಯಿತು. ಖುಷಿಯಾಗಲಿಲ್ಲವೇ ಎಂದರೆ, ಆಯಿತು. ಸುಳ್ಳು ಯಾಕೆ ಹೇಳಲಿ? ಆದರೆ ದಿಬ್ಬಣದಲ್ಲಿ ಜನ, "ಆ ಪ್ಲೇಟಿನವರು ಎಲ್ಲಿ?" ಎಂದು ಕೇಳುತ್ತಿದ್ದರು.

ಒಮ್ಮೆ ಆ ಕಡೆ ಮದುವೆಗೆ ಹೋದಾಗ ಮುಂಡಾಜೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅವನು ಮೆಲ್ಲಗೆ ನಡೆದು ಬಂದು ನನ್ನ ಪಕ್ಕದಲ್ಲಿ ಕುಳಿತ. ತುಂಬ ಸೊರಗಿದ್ದ. ನಾನು ಏನೇನೋ ಮಾತಾಡಿ, ಕಡೆಗೆ ಬಾಯಿಬಿಟ್ಟೆ.

"ಮದ್ರಾಸಿನಲ್ಲಿ... ನಾನು ಅವತ್ತು ಮುಟ್ಟಿರಲಿಲ್ಲ ಮಾರಾಯ."

"ಗೊತ್ತುಂಟು ಅಣ್ಣ. ನಾನು ಕಣ್ಣು ಬಿಟ್ಟಿದ್ದೆ, ಬಲ್ಬು ಕಂಡಿತು."

"ಮತ್ತೆ ನಿಲ್ಲಿಸಬಹುದಿತ್ತಲ್ಲ?"

ಅವನಿಗೆ ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಕೈ ಬೀಳದೆ ನಿಲ್ಲಿಸಬಾರದು ಅಂತ ಹೇಳಿಕೊಟ್ಟದ್ದು ನೀವೇ ಅಲ್ವ? ನಿಮ್ಮ ಕೈ ಭುಜದ ಹತ್ತಿರ ಬಂದದ್ದು ಬಿಸಿಯಲ್ಲೇ ಗೊತ್ತಾಯ್ತು. ಈಗ ಮುಟ್ತಾರೆ, ಈಗ ಮುಟ್ತಾರೆ ಅಂತ ಕಾದೆ."

ಬಸ್ಸು ಬಂತು. ನಾನು ಹತ್ತಿದೆ. ತಪ್ಪಾಯಿತು ಎಂದು ಹೇಳಿದೆನೇ... ಇಲ್ಲ. ಹೇಳಿದ್ದರೆ ನೆನಪಿರುತ್ತಿತ್ತು. ಅಷ್ಟು ದೊಡ್ಡ ಮನಸ್ಸೂ ಅವನಿಗೇ ಯಾಕೆ ಇರಬೇಕು ಎಂದು ದಾರಿಯುದ್ದಕ್ಕೂ ಉರಿದುಕೊಂಡೆ. ಆ ಮಳೆಗಾಲ ಅವನು ದಾಟಲಿಲ್ಲ. ಸುದ್ದಿ ನನಗೆ ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

ಡಾಕ್ಟರು ಗಂಟಲಿಗೆ ಏನೂ ಆಗಿಲ್ಲ, ವಯಸ್ಸಾಯಿತು ಅಷ್ಟೇ ಎಂದರು. ಕಡ್ಡಿಯನ್ನು ಬುಟ್ಟಿಗೆ ಎಸೆದರು. ಹೊರಗೆ ಮದ್ದು ಕೊಡುವ ಕಿಟಕಿಯ ಎದುರು ಕುಳಿತೆ. ನನ್ನ ಮುಂದಿನ ಬೆಂಚಿನಲ್ಲಿ ಒಬ್ಬ ಯುವಕ ಕಿವಿಗೆ ವಯರು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಕಾಲು ಕುಣಿಸುತ್ತಿದ್ದ. ಅವನ ನಂಬರು ಕರೆದರು. ಎರಡು ಸಲ ಕರೆದರು. ಅವನಿಗೆ ಕೇಳಲಿಲ್ಲ. ನನ್ನ ಕೈ ಎದ್ದಿತು. ಅವನ ಭುಜದ ಹತ್ತಿರ ಹೋಗಿ ನಿಂತಿತು... ಎಂಬತ್ತು ದಾಟಿದ ಕೈ.

ಮುಟ್ಟಿದೆ.

ಅವನು ಕಣ್ಣು ಬಿಟ್ಟು, "ಓ, ಥ್ಯಾಂಕ್ಸ್ ಅಜ್ಜ" ಎಂದು ಎದ್ದು ಹೋದ. ಅವತ್ತು ಇದ್ದದ್ದೂ ಇಷ್ಟೇ ಕೆಲಸ.