ಸ್ಟ್ಯಾಂಡರ್ಡ್ ಕೋಣೆಯ ವೈನಿ

ವೈನಿಯ ಎಡಗೈ ತೋರುಬೆರಳು ಉಗುರಿನ ಬುಡದವರೆಗೆ ನೇರಳೆ ಬಣ್ಣದ್ದಾಗಿತ್ತು. ಎಡಚರಾದ ಅವರು ದಿನವಿಡೀ ಠಸ್ಸೆ ಹೊಡೆದು ಹೊಡೆದು ಆ ಮಸಿ ಚರ್ಮದೊಳಗೇ ಇಳಿದುಬಿಟ್ಟಿತ್ತು. ಒಂದು ಚುನಾವಣೆಯ ದಿನ ಹೈದರಾಬಾದಿನ ಕುಷಾಯಿಗೂಡದ ಮತಗಟ್ಟೆಯಲ್ಲಿ ಕೂತಿದ್ದವನು ಆ ಬೆರಳು ನೋಡಿದವನೇ "ಅಮ್ಮಾ, ಮೀರು ವೇಸೇಸಾರು ಕದಾ" ಎಂದ. ನಿಮ್ಮದು ಆಗಲೇ ಆಗಿದೆಯಲ್ಲ, ಮನೆಗೆ ಹೋಗಿ ಎಂದು ಅರ್ಥ. ವೈನಿ ಮನೆಗೆ ಹೋಗಲಿಲ್ಲ. ರಜೆಯ ದಿನವಾದರೂ ನಮ್ಮ ಆಫೀಸಿಗೆ ಬಂದು, ಕಾವಲುಗಾರನಿಂದ ಬೀಗ ತೆಗೆಸಿ, ಠಸ್ಸೆ ಮತ್ತು ಮಸಿಯ ಪ್ಯಾಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಅವನೆದುರಿಗೇ ಖಾಲಿ ಹಾಳೆಯೊಂದರ ಮೇಲೆ ನಾಲ್ಕು ಸಲ ಠಸ್ಸೆ ಹೊಡೆದು ತೋರಿಸಿದ ಮೇಲೆಯೇ ಅವನು ಒಪ್ಪಿದ್ದು.

"ಆ ಬೆರಳಿನ್ಯಾಗ ಇನ್ನ ಜಾಗಾ ಇಲ್ಲಂತ ನಡುಬೆರಳಿಗೆ ಹಚ್ಚ್ಯಾನ ನೋಡು ತಮ್ಮಾ" ಎಂದು ಮರುದಿನ ನನಗೆ ಹೆಮ್ಮೆಯಿಂದ ತೋರಿಸಿದರು.

ಅದು ಹೈದರಾಬಾದಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನನ್ನ ಜೊತೆ ಓದಿದವರೆಲ್ಲ ಅಲ್ಲಿ ಸೇರಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದರು. ನಾನು ಮಾತ್ರ ಕುಷಾಯಿಗೂಡದಲ್ಲಿ, ಟೀವಿಗೆ ಜೋಡಿಸುವ ಸೆಟ್‌ಟಾಪ್ ಬಾಕ್ಸ್ ಮಾಡುವ ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಪ್ರಸಾರ ಮಾಡುವವರು ಯಾರೇ ಇರಲಿ, ಬಾಕ್ಸ್ ಮಾಡುವವರು ಯಾರೇ ಇರಲಿ, ಚಿತ್ರ ಬರಬೇಕಾದರೆ ಎಲ್ಲರೂ ಒಂದೇ ನಿಯಮ ಪಾಲಿಸಬೇಕು. ಆ ನಿಯಮಗಳ ದಪ್ಪ ದಪ್ಪ ಪುಸ್ತಕಗಳಿಗೆ ಸ್ಟ್ಯಾಂಡರ್ಡ್ ಎಂದು ಹೆಸರು. ಅವುಗಳನ್ನು ಇಟ್ಟಿದ್ದ ಕೋಣೆಗೆ ವೈನಿಯೇ ಒಡತಿ.

ವೈನಿ ಬಿಜಾಪುರದ ಕಡೆಯವರು. ಅವರ ಮೈದುನ ನಮ್ಮ ಸ್ಟೋರಿನಲ್ಲಿದ್ದ. ಅವನು ಅತ್ತಿಗೆಯನ್ನು ಕರೆದದ್ದನ್ನು ಕೇಳಿ ಇಡೀ ಕಂಪನಿ 'ವೈನಿ' ಎನ್ನತೊಡಗಿತು. ತೆಲುಗಿನವರು ಗೌರವಕ್ಕೆ 'ವೈನಿಗಾರು' ಮಾಡಿದರು. ಆ ಕೋಣೆಗೆ ಹೋಗುವವರು ಚಪ್ಪಲಿ ಬಿಡಬೇಕು, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಅಂಚೆಯಲ್ಲಿ ಬಂದದ್ದು ಏನೇ ಇರಲಿ, ಅದರ ಮೇಲೆ ತಾರೀಖಿನ ಠಸ್ಸೆ, ಅವರ ಮಾತಿನಲ್ಲಿ ಶಿಕ್ಕಾ, ಬೀಳುತ್ತಿತ್ತು. ಪುಸ್ತಕವೊಂದಕ್ಕೆ ಒಂದರಂತೆ ಶೀರ್ಷಿಕೆ ಬರೆದ ಕಾರ್ಡುಗಳು ಮರದ ಡಬ್ಬಿಯಲ್ಲಿದ್ದವು. ಪುಸ್ತಕ ಹಿಂದಿರುಗಿಸದವರಿಗೆ ವಾರಕ್ಕೊಂದು ಗುಲಾಬಿ ಚೀಟಿ ಹೋಗುತ್ತಿತ್ತು.

ನನಗೆ ಎಂಟು ತಿಂಗಳಿಂದ ಚೀಟಿ ಬರುತ್ತಿತ್ತು. ಹೊರದೇಶದ ಯಾವುದೋ ವಿಶ್ವವಿದ್ಯಾಲಯದ ಗೋಷ್ಠಿಯ ಪುಸ್ತಿಕೆಯೊಂದನ್ನು ಒಯ್ದಿದ್ದೆ. ಒಯ್ದದ್ದು ಓದುವುದಕ್ಕೇ. ಆದರೆ ಅದರ ದಪ್ಪ ನನ್ನ ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲು ಸರಿಯಾಗಿ ಕೂತಿತು. ಅದು ಅಲ್ಲಿಯೇ ಉಳಿಯಿತು.

ಹಾಗಿರುವಾಗ ಒಂದು ಬೆಳಿಗ್ಗೆ ವಿದೇಶಿ ಕಂಪನಿಯೊಂದರ ವಕೀಲರ ಪತ್ರ ಬಂತು. ಒಮ್ಮೆ ಹುಡುಕಿದ ಚಾನೆಲ್‌ಗಳ ಪಟ್ಟಿಯನ್ನು ಬಾಕ್ಸ್ ನೆನಪಿಟ್ಟುಕೊಂಡು, ಮರುದಿನ ಮತ್ತೆ ಹುಡುಕದೆ ನೇರ ತೋರಿಸುತ್ತದಲ್ಲ, ಆ ವಿಧಾನ ತಮ್ಮ ಪೇಟೆಂಟ್ ಎಂದು ಅವರ ವಾದ. ಅದು ಸ್ಟ್ಯಾಂಡರ್ಡಿನಲ್ಲೇ ಸೇರಿಹೋಗಿರುವುದರಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ, ಪ್ರತಿ ಬಾಕ್ಸಿಗೂ ಲೈಸೆನ್ಸ್ ಶುಲ್ಕ ಕೊಡಿ, ಇಲ್ಲವೇ ತಯಾರಿಕೆ ನಿಲ್ಲಿಸಿ ಎಂದಿದ್ದರು. ಅವರು ಕೇಳಿದಷ್ಟು ಕೊಟ್ಟರೆ ನಮಗೆ ಉಳಿಯುತ್ತಿದ್ದುದು ಬಾಕ್ಸಿನ ಥರ್ಮಾಕೋಲು ಮಾತ್ರ. ನಮ್ಮ ಎಂ.ಡಿ. ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತರು. ಕೆಳಗಿನ ಅಂತಸ್ತಿನಲ್ಲಿ ಬಾಕ್ಸ್ ಜೋಡಿಸುತ್ತಿದ್ದ ಹೆಣ್ಣುಮಕ್ಕಳು ಊಟದ ಡಬ್ಬಿ ತೆರೆದಿಟ್ಟುಕೊಂಡು, ಕಂಪನಿ ಮುಚ್ಚುತ್ತದಂತೆ ಹೌದೇ ಎಂದು ನಮ್ಮನ್ನು ಕೇಳತೊಡಗಿದರು.

ಪತ್ರ ಎಂ.ಡಿ.ಗೆ ಮುಟ್ಟುವ ಮೊದಲೇ ವೈನಿಯ ಠಸ್ಸೆ ತಿಂದಿತ್ತು. ಠಸ್ಸೆ ಹೊಡೆಯುವಾಗ ಅವರು ಪೇಟೆಂಟಿನ ಶೀರ್ಷಿಕೆ ಓದಿದ್ದರು, ಅದರಲ್ಲಿದ್ದ ಮೂರು ಇಂಗ್ಲಿಷ್ ಪದಗಳನ್ನು ತಮ್ಮ ಕಾರ್ಡಿನ ಡಬ್ಬಿಯಲ್ಲಿ ಹುಡುಕಿದ್ದರು. ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದಾಗ ಕೈಯಲ್ಲಿ ಗುಲಾಬಿ ಚೀಟಿ ಇರಲಿಲ್ಲ, ಕಾರ್ಡು ಇತ್ತು.

"ತಮ್ಮಾ, ಈ ಪುಸ್ತಕಾ ಎಲ್ಲೈತಿ?"

ನಾನು ಎರಡೂ ಕೈಯಿಂದ ಪರದೆಯನ್ನು ಎತ್ತಿದೆ. ವೈನಿ ಪುಸ್ತಿಕೆಯನ್ನು ಎಳೆದುಕೊಂಡರು. ಮುಖಪುಟದ ಮೇಲೆ ನನ್ನ ಚಹಾ ಲೋಟದ ದುಂಡನೆಯ ಗುರುತಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು.

"ನನ್ನ ಶಿಕ್ಕಾದಕಿಂತ ನಿಂದ ಛಲೋ ಮೂಡೈತಿ" ಎಂದರು.

ಪುಸ್ತಿಕೆಯ ಮೂರನೆಯ ಲೇಖನದಲ್ಲಿ ಅದೇ ವಿಧಾನವನ್ನು ಯಾರೋ ಪ್ರಾಧ್ಯಾಪಕರು ಚಿತ್ರಸಮೇತ ವಿವರಿಸಿದ್ದರು. ಪೇಟೆಂಟ್ ಅರ್ಜಿಗಿಂತ ಮೊದಲೇ ಇದು ಪ್ರಕಟವಾಗಿತ್ತು ಎಂದು ತೋರಿಸಿದರೆ ಆ ಪೇಟೆಂಟ್ ನಿಲ್ಲುವುದಿಲ್ಲ. ತೊಂದರೆ ಏನೆಂದರೆ ಪುಸ್ತಿಕೆಯಲ್ಲಿ ಎಲ್ಲೂ ಇಸವಿ ಅಚ್ಚಾಗಿರಲಿಲ್ಲ. ಇದ್ದದ್ದು ವೈನಿಯ ಠಸ್ಸೆಯೊಂದೇ. ಅದು ಅರ್ಜಿಗಿಂತ ಸುಮಾರು ಎರಡು ವರ್ಷ ಹಳೆಯದು.

ಹಿಮಾಯತ್‌ನಗರದಲ್ಲಿದ್ದ ನಮ್ಮ ವಕೀಲರ ಕಚೇರಿಯಲ್ಲಿ ಎದುರು ಪಕ್ಷದವರ ಜೊತೆ ಮಾತುಕತೆ ನಿಗದಿಯಾಯಿತು. ಅದರ ಹಿಂದಿನ ದಿನ ವೈನಿ ನನ್ನನ್ನು ಕೂಡಿಸಿಕೊಂಡು, "ಒಳಗ ಏನೈತಿ ಅಂತ ಕನ್ನಡದಾಗ ಹೇಳು" ಎಂದರು. ನಾನು ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಸಿಕ್ಕಿಬಿದ್ದೆ. ಪದವಿಯೇನೋ ಇತ್ತು, ಆದರೆ ಪ್ರತಿ ಸಾಲಿನಲ್ಲೂ ಇಂಗ್ಲಿಷ್ ಪದವೊಂದನ್ನು ಕಲ್ಲಿನಂತೆ ಇಟ್ಟು ಅದರ ಮೇಲೆ ಕಾಲಿಟ್ಟು ದಾಟುತ್ತಿದ್ದೆ. ವೈನಿ ಒಂದೊಂದೇ ಕಲ್ಲು ಕಿತ್ತರು. "ಹಂಗಂದ್ರೇನು?" "ಅದು ಯಾಕ ಬೇಕು?" "ಕರೆಂಟ್ ಹೋದ್ರ?" ಕರೆಂಟ್ ಹೋದರೆ ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ನಾಚಿಕೆಯಿಂದ ಲೇಖನ ತೆರೆದು, ಆ ಪುಸ್ತಿಕೆಯನ್ನು ಮೊದಲ ಬಾರಿಗೆ ನಿಜವಾಗಿ ಓದಿದೆ.

ಸಂಜೆಯ ಹೊತ್ತಿಗೆ ಅವರೇ ಹೇಳಿದರು: "ಅಂದ್ರ ಕಾಯಿಪಲ್ಯಾ ಮಾರಾಕಿ ಯಾವ ಓಣ್ಯಾಗ ಕುಂಡ್ರತಾಳ ಅಂತ ನೆನಪಿಟಗೊಂಡು, ಮರುದಿನ ಊರೆಲ್ಲಾ ತಿರಗದ ನೆಟ್ಟಗ ಅಲ್ಲೇ ಹೋಗೂದು. ಇಷ್ಟ ಹೌದಿಲ್ಲೋ?"

"ಇಷ್ಟರೀ ವೈನಿ."

"ಇದಕ್ಕೂ ಹಕ್ಕ ಕೇಳಾಕತ್ತಾರೇನು! ಭಾಳ ಆತು."

ಎದುರು ಪಕ್ಷದ ವಕೀಲರು ಸಣ್ಣ ದನಿಯ, ಸಭ್ಯ ವಿದೇಶಿ ಮನುಷ್ಯ. ತಮಗೆ ಹಿಂದಿ ಚೆನ್ನಾಗಿ ಬರುತ್ತಿದ್ದರೂ ವೈನಿ, "ಖರೇ ಹೇಳೂದಿದ್ರ ನಮ್ಮ ಭಾಷಾದಾಗ ಹೇಳ್ತೀನಿ" ಎಂದು ಹಟ ಹಿಡಿದರು. ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು.

"ಈ ಠಸ್ಸೆಯನ್ನು ನಿನ್ನೆ ಹೊಡೆದಿಲ್ಲ ಎನ್ನುವುದಕ್ಕೆ ಏನು ಆಧಾರ?" ಎಂದು ವಕೀಲರು ಕೇಳಿದರು.

ವೈನಿ ಹಳೆಯ ರಿಜಿಸ್ಟರನ್ನು ಅವರ ಮುಂದಿಟ್ಟು ಆ ದಿನದ ಪುಟ ತೆರೆದರು. ಸಾಲು ಸಾಲಾಗಿ ನಾನು ಅನುವಾದಿಸಿದೆ. ಒಂದನೆಯದು, ಸ್ಟ್ಯಾಂಡರ್ಡಿನ ತಿದ್ದುಪಡಿ. ಎರಡನೆಯದು, ಈ ಪುಸ್ತಿಕೆ. ಮೂರನೆಯದು, ಲೆಕ್ಕಪತ್ರ ವಿಭಾಗದವರ ಮಗಳ ಲಗ್ನಪತ್ರಿಕೆ. ನಾಲ್ಕನೆಯದಕ್ಕೆ ಬಂದು ನಿಂತೆ.

"ಹೇಳು, ಯಾಕ ನಿಂತಿ?" ಎಂದರು ವೈನಿ.

"ಮಾವಿನಕಾಯಿ ಉಪ್ಪಿನಕಾಯಿ, ಬಾಟಲಿ ಒಂದು, ಬಿಜಾಪುರದಿಂದ, ಮುಚ್ಚಳ ಸೋರಿದೆ" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ವಕೀಲರು ಪುಟವನ್ನು ತಮ್ಮತ್ತ ಎಳೆದುಕೊಂಡರು. ಅಂಚಿನಲ್ಲಿ ಹಳೆಯ ಎಣ್ಣೆಯ ಕಲೆ, ಕೆಂಪಗೆ, ಹಿಂದಿನ ಮೂರು ಪುಟಗಳವರೆಗೂ ಇಳಿದಿತ್ತು. ಬಗ್ಗಿ ಮೂಸಿಯೂ ನೋಡಿದರು. ಆಮೇಲೆ ಪುಸ್ತಿಕೆ ಒಯ್ದವರ ಹೆಸರುಗಳ ಕಡೆ ಹೊರಳಿದರು.

"ಕೊನೆಯ ವ್ಯಕ್ತಿ ಎಂಟು ತಿಂಗಳು ಇಟ್ಟುಕೊಂಡಿದ್ದಾರೆ. ಯಾಕೆ?"

ಆ ಕೊನೆಯ ವ್ಯಕ್ತಿ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ. ಎಂ.ಡಿ. ಪಕ್ಕದಲ್ಲೇ ಕೂತಿದ್ದರು. ಪರದೆಯ ವಿಷಯ ಅವರಿಗೆ ತಿಳಿದಿರಲಿಲ್ಲ, ತಿಳಿದರೆ ನನ್ನ ಕೆಲಸ ಉಳಿಯುತ್ತಿರಲಿಲ್ಲ. ವೈನಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು.

"ಓದಾಕತ್ತಿದ್ದ ಅಂತ ಹೇಳು. ಹುಡುಗ ಭಾಳ ನಿಧಾನ ಓದ್ತಾನ."

ನಾನು ಅದನ್ನೂ ಅನುವಾದಿಸಿದೆ. ಯಾರ ಬಗ್ಗೆ ಎಂದು ವಕೀಲರಿಗೆ ಗೊತ್ತಿರಲಿಲ್ಲ. ಪಾಪ ಎನ್ನುವಂತೆ ತಲೆಯಾಡಿಸಿದರು. ಎಂ.ಡಿ.ಗೆ ಗೊತ್ತಿತ್ತು, ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ.

ಒಂದು ತಿಂಗಳ ನಂತರ ವಿದೇಶಿ ಕಂಪನಿಯವರು ಆ ಪೇಟೆಂಟಿನ ಬೇಡಿಕೆಯನ್ನು ಕೈಬಿಟ್ಟರು. ಮಾತುಕತೆಯಲ್ಲಿ ಅವರು ಎತ್ತಿದ್ದ ಬೇರೆ ಎರಡು ಪೇಟೆಂಟ್‌ಗಳ ಮಾತು ನ್ಯಾಯವಾಗಿತ್ತು. ಅವುಗಳಿಗೆ ಲೈಸೆನ್ಸ್ ತೆಗೆದುಕೊಂಡೆವು. ಕೆಳಗಿನ ಅಂತಸ್ತಿನ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಎಂ.ಡಿ. ವೈನಿಗೆ ಶಾಲು ಹೊದಿಸಿದರು. ಅದನ್ನೂ ಅವರು ರಿಜಿಸ್ಟರಿಗೆ ಏರಿಸಿದರು. ನನಗೆ ಮಾತ್ರ ಬೇರೆ ಶಿಕ್ಷೆ ಕಾದಿತ್ತು.

"ನಿನ್ನ ಸಲುವಾಗಿ ಸುಳ್ಳ ಹೇಳೀನಿ. ಅದನ್ನ ಖರೇ ಮಾಡೂದು ನಿನ್ನ ಕೆಲಸ. ವಾರಕ್ಕೊಂದು ಪುಸ್ತಕಾ ಓದಬೇಕು, ಶನಿವಾರ ನನಗ ತಿಳಿಸಿ ಹೇಳಬೇಕು."

ನಾಲ್ಕು ವರ್ಷ ಹೇಳಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಪ್ರಸಾರ ತಂತ್ರಜ್ಞಾನದ ಇಡೀ ಕಪಾಟನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಆ ಓದಿನ ಬಲದ ಮೇಲೆ, ಸ್ಟ್ಯಾಂಡರ್ಡ್ ಬರೆಯುವ ಸಮಿತಿಗಳಿಗೇ ನನ್ನನ್ನು ಕಳಿಸತೊಡಗಿದರು.

ಅಂಥದೊಂದು ಸಭೆ ದೆಹಲಿಯಲ್ಲಿ ನಡೆಯುತ್ತಿದ್ದಾಗ ಅವರ ಮೈದುನ ಫೋನ್ ಮಾಡಿದ. ವೈನಿ ನಿವೃತ್ತರಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. "ಮುಂಜಾನೆ ಚಾ ಕುಡದು ಕುಂತಿದ್ರು ಸರ್, ಹಂಗ ಹೋದ್ರು" ಎಂದ. ಫೋನನ್ನು ಜೇಬಿಗಿಟ್ಟು ಕಾರಿಡಾರಿನಿಂದ ಒಳಗೆ ಬಂದೆ. ಅಧ್ಯಕ್ಷರು ನಾನು ಬರೆದ ನಿಯಮವೊಂದನ್ನು ವಿವರಿಸಲು ಹೇಳಿದರು. ಒಳ್ಳೆಯ ನಿಯಮ, ತಿಂಗಳುಗಟ್ಟಲೆ ಕೂತು ಬರೆದದ್ದು, ಹತ್ತು ಜನರ ಒಪ್ಪಿಗೆ ಆಗಲೇ ಸಿಕ್ಕಿತ್ತು. ಬಾಯಿ ತೆರೆಯುವ ಮೊದಲು ಅದನ್ನು ಮನಸ್ಸಿನಲ್ಲೇ ವೈನಿಗೆ ಹೇಳಿ ನೋಡಿದೆ. ಎರಡನೆಯ ವಾಕ್ಯದ ಇಂಗ್ಲಿಷ್ ಪದಕ್ಕೇ "ಹಂಗಂದ್ರೇನು?" ಎಂದು ತಡೆದರು.

"ಇದನ್ನು ಹಿಂತೆಗೆದುಕೊಳ್ಳುತ್ತೇನೆ, ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ" ಎಂದು ಹೇಳಿ ಕೂತೆ.